ದಾನವಲ್ಲದ ಉಪದಾನ

2006ನೆಯ ಇಸವಿ ಮಾರ್ಚ್ ತಿಂಗಳ ಕೊನೆಯ ದಿನಗಳು. ಆಗ ನಾನು ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದೆ. ಪರೀಕ್ಷೆಗಳು ಮುಗಿದಿದ್ದವು. ಒಂದು ಸಂಜೆ ಶಾಲೆಯ ಹಜಾರದಲ್ಲಿ ಇಬ್ಬರಿಗೆ ಬೀಳ್ಕೊಡುಗೆಯ ಸಮಾರಂಭ ಏರ್ಪಾಡಾಗಿತ್ತು. ಒಬ್ಬರು, ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟರು. ಇನ್ನೊಬ್ಬ, ಇಪ್ಪತ್ತಾರು ವರ್ಷ ಗಂಟೆ ಬಾರಿಸಿದ ಜವಾನ. ಇಬ್ಬರಿಗೂ ಒಂದೇ ಬಗೆಯ ಹಾರ, ಒಂದೇ ಬಗೆಯ ಶಾಲು, ಒಂದೇ ಬಗೆಯ ಫಲತಾಂಬೂಲ. ನೋಡಿದವರಿಗೆ ಸಂತೋಷವಾಯಿತು.

ಆದರೆ ತಿಂಗಳು ಕಳೆಯುವುದರೊಳಗೆ ಇಬ್ಬರ ದಾರಿಯೂ ಬೇರೆಯಾಯಿತು. ಜವಾನನಿಗೆ ಗ್ರಾಚ್ಯುಯಿಟಿಯ ಬಾಬ್ತು 58,500 ರೂಪಾಯಿಗಳ ಚೆಕ್ಕು ಬಂದಿತು. ಮೇಷ್ಟರಿಗೆ ಏನೂ ಬರಲಿಲ್ಲ. ಅವರು ಕಚೇರಿಗೆ ಹೋಗಿ ವಿಚಾರಿಸಿದರು. ಆಡಳಿತ ಮಂಡಲಿಯ ಕಾರ್ಯದರ್ಶಿಗಳು ಕೆಟ್ಟವರೇನೂ ಅಲ್ಲ. ಅವರು ಸಂಕೋಚದಿಂದಲೇ ಹೇಳಿದರಂತೆ: "ಮೇಷ್ಟ್ರೆ, ನಾವೇನು ಮಾಡೋಣ? ಕಾಯಿದೆಯ ಪ್ರಕಾರ ನೀವು ನೌಕರರೇ ಅಲ್ಲವಂತೆ!"

ಮೇಷ್ಟರು ಅಲ್ಲಿಂದ ನೇರವಾಗಿ ಉಪಾಧ್ಯಾಯರ ಕೊಠಡಿಗೆ ಬಂದರು. ನನ್ನೆದುರಿಗೆ ಕುಳಿತು ಕೇಳಿದರು: "ಪಂಡಿತರೆ, ನೀವು ಶಬ್ದಗಳನ್ನು ಬಲ್ಲವರು. ಇಪ್ಪತ್ತೆಂಟು ವರ್ಷ ದಿನವೂ ಹಾಜರಿ ಪುಸ್ತಕಕ್ಕೆ ರುಜು ಹಾಕಿದವನು ನೌಕರನಲ್ಲದಿದ್ದರೆ ಇನ್ನೇನು?"

ಆಗ ನನಗೆ ಉತ್ತರ ತಿಳಿದಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ತಿಳಿದ ಸಂಗತಿಗಳನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ಕೇಳುತ್ತಿರುವ ನಿಮ್ಮಲ್ಲಿ ಹಲವರು ಸಂಬಳಕ್ಕೆ ದುಡಿಯುವವರು. ಕೆಲವರು ಅಂಗಡಿ, ಕಾರ್ಖಾನೆ, ಶಾಲೆ ಇವುಗಳನ್ನು ನಡೆಸುತ್ತ ಸಂಬಳ ಕೊಡುವವರು. ವಿಷಯ ಇಬ್ಬರಿಗೂ ಸೇರಿದ್ದು.

ಮೊದಲು ಮಾತನ್ನೇ ಹಿಡಿಯೋಣ. ಗ್ರಾಚ್ಯುಯಿಟಿ ಎಂಬುದು ಲ್ಯಾಟಿನ್ ಮೂಲದಿಂದ ಇಂಗ್ಲಿಷಿಗೆ ಬಂದ ಶಬ್ದ. ಅದರ ಬೇರಿನಲ್ಲಿರುವ ಅರ್ಥ 'ಪ್ರಿಯವಾದದ್ದು, ಮೆಚ್ಚಿಗೆಯಾದದ್ದು' ಎಂದು. ಹೋಟೆಲಿನ ಮಾಣಿಗೆ ಕೊಡುವ ಭಕ್ಷೀಸಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ನಮ್ಮ ಕಚೇರಿಗಳ ಕನ್ನಡದಲ್ಲಿ ಇದನ್ನು 'ಉಪದಾನ' ಎಂದು ಕರೆದರು. ಅಲ್ಲಿಯೂ ದಾನವೇ ಬಂದು ಕುಳಿತಿತು. ಎರಡು ಭಾಷೆಗಳೂ ಸೇರಿ, ಇದು ಕೊಡುವವನ ಔದಾರ್ಯ, ಪಡೆಯುವವನ ಪುಣ್ಯ ಎಂಬ ಭಾವನೆಯನ್ನು ಜನರ ಮನಸ್ಸಿನಲ್ಲಿ ಬೇರೂರಿಸಿಬಿಟ್ಟವು.

ಕನ್ನಡದಲ್ಲಿ ದುಡಿಮೆಗೆ ಸಂಬಂಧಪಟ್ಟ ಹಳೆಯ ಮಾತುಗಳು ಬೇರೆಯೇ ಕಥೆ ಹೇಳುತ್ತವೆ. ನಾವು ದಿನವೂ ಆಡುವ 'ಸಂಬಳ' ಎಂಬುದು ಸಂಸ್ಕೃತದ 'ಶಂಬಲ'ದಿಂದ ಬಂದದ್ದು. ಅದರ ಅರ್ಥ ದಾರಿಯ ಬುತ್ತಿ. 'ಜೀತ' ಎಂಬ ಮಾತನ್ನು ಕೇಳಿದರೆ ಈಗ ಮೈ ನಡುಗುತ್ತದೆ. ಆದರೆ ಅದು 'ಜೀವಿತ' ಶಬ್ದದ ತದ್ಭವ. ಹಳಗನ್ನಡದಲ್ಲಿ ಜೀವನಕ್ಕೆ ಆಧಾರವಾದ ವೇತನವೆಂಬ ಅರ್ಥವೇ ಅದಕ್ಕಿತ್ತು. ಒಡೆಯನ ಅನ್ನ ಉಂಡವನು ಅವನಿಗೆ ಸಲ್ಲಿಸಬೇಕಾದ ನಿಷ್ಠೆಗೆ 'ಜೋಳವಾಳಿ' ಎಂದರು. ಹಾಗೆಯೇ ಒಡೆಯನಿಗೂ ಒಂದು ಹೊಣೆಯಿತ್ತು. ಕಾಳಗದಲ್ಲಿ ಮಡಿದ ಆಳಿನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಗೆ ನಮ್ಮ ಶಾಸನಗಳಲ್ಲಿ 'ನೆತ್ತರುಗೊಡಗೆ' ಎಂಬ ಹೆಸರಿದೆ. ದುಡಿಸಿಕೊಂಡವನ ಕರ್ತವ್ಯ ದುಡಿದವನ ಉಸಿರಿನೊಡನೆ ಮುಗಿಯುವುದಿಲ್ಲವೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಆದರೆ ಆಗ ಅದು ಒಡೆಯನ ಮನಸ್ಸಿಗೆ ಬಿಟ್ಟದ್ದಾಗಿತ್ತು. ಮನಸ್ಸಿಗೆ ಬಿಟ್ಟದ್ದನ್ನು ಹಕ್ಕಾಗಿ ಮಾಡಿದ್ದು ಕಾನೂನು.

ಅದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಕೆಲವು ದೊಡ್ಡ ಕಾರ್ಖಾನೆಗಳಲ್ಲಿ, ದೀರ್ಘಕಾಲ ದುಡಿದು ನಿವೃತ್ತರಾದವರಿಗೆ ಮಾಲೀಕರು ಇಷ್ಟಪಟ್ಟಷ್ಟು ಕೊಡುತ್ತಿದ್ದರು. ಕಾರ್ಮಿಕರು ತಕರಾರು ಹೂಡಿದಾಗ ಕೈಗಾರಿಕಾ ನ್ಯಾಯಮಂಡಲಿಗಳು ಒಂದೊಂದು ಕಾರ್ಖಾನೆಗೂ ಒಂದೊಂದು ಯೋಜನೆಯನ್ನು ವಿಧಿಸುತ್ತ ಬಂದವು. 1955ರಲ್ಲಿ ಪತ್ರಿಕಾಕರ್ತರಿಗಾಗಿ ಆದ ಕೇಂದ್ರ ಕಾಯಿದೆಯಲ್ಲಿ ಗ್ರಾಚ್ಯುಯಿಟಿಗೆ ಸ್ಥಾನ ದೊರೆಯಿತು. 1970ರಲ್ಲಿ ಕೇರಳವೂ 1971ರಲ್ಲಿ ಪಶ್ಚಿಮ ಬಂಗಾಳವೂ ತಮ್ಮ ತಮ್ಮ ರಾಜ್ಯಕ್ಕೆ ಶಾಸನ ಮಾಡಿಕೊಂಡವು. ಕೊನೆಗೆ ಇಡೀ ದೇಶಕ್ಕೆ ಒಂದೇ ನಿಯಮವಿರಲೆಂದು ಪಾರ್ಲಿಮೆಂಟು ಗ್ರಾಚ್ಯುಯಿಟಿ ಪಾವತಿ ಕಾಯಿದೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1972ನೆಯ ಸೆಪ್ಟೆಂಬರ್ 16ರಂದು.

ಈ ಕಾಯಿದೆ ಬಂದ ಮೇಲೆ ಗ್ರಾಚ್ಯುಯಿಟಿ ಎಂಬುದು ಭಕ್ಷೀಸಾಗಿ ಉಳಿಯಲಿಲ್ಲ. ಕೊಡದೆ ಉಳಿಸಿಕೊಂಡ ಮೊಬಲಗನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದೆಂದು ಅದರಲ್ಲಿ ಬರೆದರು. ದಾನವನ್ನು ಯಾರೂ ವಸೂಲು ಮಾಡುವುದಿಲ್ಲ. ವಸೂಲು ಮಾಡುವುದು ಬಾಕಿಯನ್ನು. ಹೆಸರು ದಾನದ್ದಾದರೂ ವಸ್ತು ಬಾಕಿ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತೆಲ್ಲ ಸುಲಭ.

ಹಾಗಾದರೆ ನಮ್ಮ ಗಣಿತದ ಮೇಷ್ಟರಿಗೆ ಏಕೆ ಸಿಗಲಿಲ್ಲ? ಇಲ್ಲಿಯೂ ತೊಡಕು ಶಬ್ದದಲ್ಲೇ ಇತ್ತು. 1972ರ ಕಾಯಿದೆ 'ನೌಕರ' ಎಂದರೆ ಯಾರು ಎಂಬುದನ್ನು ಹೇಳುವಾಗ ಕೆಲಸಗಳ ಒಂದು ಪಟ್ಟಿ ಕೊಟ್ಟಿತು: ಕುಶಲ, ಅರೆಕುಶಲ, ಅಕುಶಲ, ಶಾರೀರಿಕ, ಮೇಲ್ವಿಚಾರಣೆಯ, ತಾಂತ್ರಿಕ ಮತ್ತು ಗುಮಾಸ್ತಗಿರಿಯ ಕೆಲಸ. ಏಳು ವಿಶೇಷಣಗಳು. ಕಾರ್ಖಾನೆಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ಪಟ್ಟಿ ಅದು. 1997ನೆಯ ಏಪ್ರಿಲ್ 3ರಂದು ಕೇಂದ್ರ ಸರ್ಕಾರ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ವಿದ್ಯಾಸಂಸ್ಥೆಗಳಿಗೂ ಈ ಕಾಯಿದೆಯನ್ನು ವಿಸ್ತರಿಸಿತು. ಕಾಯಿದೆಯೇನೋ ಶಾಲೆಯ ಬಾಗಿಲಿಗೆ ಬಂದಿತು. ಆದರೆ ಪಟ್ಟಿಯಲ್ಲಿ ಪಾಠ ಹೇಳುವವನ ಹೆಸರಿರಲಿಲ್ಲ.

ಇದಕ್ಕೆ ಹಿಂದೆಯೇ ಒಂದು ಪೀಠಿಕೆಯಿತ್ತು. ಬೆಂಗಳೂರು ನೀರು ಸರಬರಾಜು ಮಂಡಲಿಯ ಪ್ರಸಿದ್ಧ ಮೊಕದ್ದಮೆಯಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ, ವಿದ್ಯಾಸಂಸ್ಥೆಗಳೂ ಕೈಗಾರಿಕೆಯೆಂಬ ಶಬ್ದದ ವ್ಯಾಪ್ತಿಗೆ ಬರುತ್ತವೆಂದು ತೀರ್ಮಾನಿಸಿತ್ತು. ಆದರೆ ಹತ್ತು ವರ್ಷಗಳ ಮೇಲೆ, 1988ರಲ್ಲಿ, ಗೋವೆಯ ಶಾಲಾ ಉಪಾಧ್ಯಾಯಿನಿಯೊಬ್ಬರ ಮೊಕದ್ದಮೆಯಲ್ಲಿ ಅದೇ ಕೋರ್ಟು, ಶಾಲೆ ಕೈಗಾರಿಕೆಯಾದರೂ ಉಪಾಧ್ಯಾಯರು ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದಿತು. ಪಾಠ ಹೇಳುವುದು ಉದಾತ್ತವಾದ ವೃತ್ತಿ, ಒಂದು ವ್ರತದಂತಹದು. ಅದನ್ನು ಶಾರೀರಿಕವೆಂದೋ ಗುಮಾಸ್ತಗಿರಿಯೆಂದೋ ಕರೆಯಲಾಗದು ಎಂಬುದು ಅದರ ಇಂಗಿತ. ನಮ್ಮನ್ನು ಹೊಗಳಿದ ಮಾತು ನಿಜ. ಆದರೆ ಹೊಗಳಿಕೆ ನಮ್ಮನ್ನು ಪಟ್ಟಿಯಿಂದ ಹೊರಕ್ಕೆ ಇಟ್ಟಿತು.

ಅದೇ ತರ್ಕ 2004ನೆಯ ಜನವರಿಯಲ್ಲಿ ಗ್ರಾಚ್ಯುಯಿಟಿಗೂ ಬಂದಿತು. ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಏಳು ವಿಶೇಷಣಗಳಲ್ಲಿ ಯಾವುದೂ ಉಪಾಧ್ಯಾಯರಿಗೆ ಹೊಂದುವುದಿಲ್ಲವಾದ್ದರಿಂದ ಅವರು 'ನೌಕರ' ಶಬ್ದದೊಳಗೆ ಸೇರುವುದಿಲ್ಲವೆಂದು ತೀರ್ಪು ಕೊಟ್ಟಿತು. ಉಪಾಧ್ಯಾಯರಿಗೆ ಈ ಸೌಲಭ್ಯ ಬೇಕೆಂದರೆ ಅದನ್ನು ಮಾಡಬೇಕಾದವರು ಶಾಸನಕರ್ತರು ಎಂದೂ ಸೂಚಿಸಿತು. ನೋಡಿ, ಎಂಥ ವಿಚಿತ್ರ! ಒಂದೇ ಶಾಲೆಯಲ್ಲಿ ಗಂಟೆ ಬಾರಿಸುವವನು ನೌಕರ, ಫೀಜು ಬರೆದುಕೊಳ್ಳುವ ಗುಮಾಸ್ತೆ ನೌಕರ, ವ್ಯಾನು ಓಡಿಸುವವನು ನೌಕರ. ಯಾವ ಕೆಲಸಕ್ಕಾಗಿ ಶಾಲೆ ನಿಂತಿದೆಯೋ ಆ ಕೆಲಸ ಮಾಡುವವರು ಮಾತ್ರ ನೌಕರರಲ್ಲ. 2006ರಲ್ಲಿ ನಮ್ಮ ಮೇಷ್ಟರು ಕೇಳಿದ ಪ್ರಶ್ನೆಗೆ ಅಂದಿನ ಉತ್ತರ ಇದಾಗಿತ್ತು. ಜವಾನನಿಗೆ ಸಂದದ್ದು ಸರಿಯೇ. ಅದು ಅವನ ಬೆವರಿನ ಬಾಕಿ. ಮೇಷ್ಟರಿಗೆ ಸಲ್ಲದೆ ಹೋದದ್ದು ನ್ಯಾಯವಲ್ಲ.

ಪಾರ್ಲಿಮೆಂಟು ಆ ಸೂಚನೆಯನ್ನು ಕೇಳಿಸಿಕೊಂಡಿತು. 2009ರಲ್ಲಿ ತಿದ್ದುಪಡಿ ಮಾಡಿ, ಆ ಏಳು ವಿಶೇಷಣಗಳನ್ನು ತೆಗೆದುಹಾಕಿ, 'ಶಾರೀರಿಕವಾಗಲಿ ಬೇರೆಯಾಗಲಿ, ಯಾವುದೇ ಬಗೆಯ ಕೆಲಸ' ಎಂಬರ್ಥದ ಮಾತನ್ನು ಸೇರಿಸಿತು. ಅಷ್ಟೇ ಅಲ್ಲ, ಈ ತಿದ್ದುಪಡಿ 1997ನೆಯ ಏಪ್ರಿಲ್ 3ರಿಂದಲೇ ಅನ್ವಯವಾಗತಕ್ಕದ್ದೆಂದಿತು. ಹಿಂದಿನ ದಿನಾಂಕದಿಂದ ಹೊರೆ ಹೊರಿಸುವುದು ಸರಿಯಲ್ಲವೆಂದು ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. ಕೊನೆಗೆ 2022ನೆಯ ಆಗಸ್ಟ್ 29ರಂದು ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿದು, ಆರು ವಾರಗಳೊಳಗೆ ಬಡ್ಡಿಸಹಿತ ಬಾಕಿ ಸಲ್ಲಿಸಬೇಕೆಂದು ಆಜ್ಞೆ ಮಾಡಿತು. 1997ರಿಂದ 2022ರವರೆಗೆ ಇಪ್ಪತ್ತೈದು ವರ್ಷ. ಒಂದು ಶಬ್ದದ ಅರ್ಥ ನಿಲ್ಲುವುದಕ್ಕೆ ಬೇಕಾದ ಕಾಲ!

ಈಗಿನ ಸ್ಥಿತಿಯನ್ನು ಹೇಳುತ್ತೇನೆ. 1972ರ ಕಾಯಿದೆಯ ಜಾಗದಲ್ಲಿ ಈಗ ಬೇರೊಂದು ಕಾನೂನು ಇದೆ. ಇಪ್ಪತ್ತೊಂಬತ್ತು ಕಾರ್ಮಿಕ ಕಾಯಿದೆಗಳನ್ನು ಒಟ್ಟುಗೂಡಿಸಿ ಮಾಡಿದ ನಾಲ್ಕು ಸಂಹಿತೆಗಳು 2025ನೆಯ ನವೆಂಬರ್ 21ರಂದು ಜಾರಿಗೆ ಬಂದವು. ಗ್ರಾಚ್ಯುಯಿಟಿಯ ವಿಷಯ ಅವುಗಳಲ್ಲಿ ಒಂದಾದ ಸಾಮಾಜಿಕ ಭದ್ರತಾ ಸಂಹಿತೆ, 2020 ಎಂಬುದರಲ್ಲಿ ಸೇರಿದೆ. ಅದರಲ್ಲಿ ನೌಕರನ ಕೆಲಸವನ್ನು ವಿವರಿಸುವ ಪಟ್ಟಿ ಮತ್ತೆ ಬಂದಿದೆ. ಆದರೆ ಪಟ್ಟಿಯ ಕೊನೆಗೆ 'ಅಥವಾ ಬೇರೆ ಯಾವುದೇ ಕೆಲಸ' ಎಂಬ ಮಾತಿದೆ. ವ್ಯಾಕರಣದಲ್ಲಿ ಅವ್ಯಯಗಳಿಗೆ ಲಿಂಗವಚನವಿಭಕ್ತಿಗಳಿಲ್ಲವೆಂದು ಹುಡುಗರಿಗೆ ಹೇಳುತ್ತೇವೆ. 'ಅಥವಾ' ಎಂಬ ಒಂದು ಅವ್ಯಯಕ್ಕೆ ಎಷ್ಟು ಸಂಸಾರಗಳನ್ನು ಸಾಕುವ ಶಕ್ತಿಯಿದೆಯೆಂಬುದು ನನಗೆ ಇಲ್ಲಿ ತಿಳಿಯಿತು.

ನಿಯಮದ ಸಾರ ಇಷ್ಟು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಅಂಗಡಿ ಅಥವಾ ಸಂಸ್ಥೆಗೆ ಇದು ಅನ್ವಯಿಸುತ್ತದೆ. ಒಮ್ಮೆ ಅನ್ವಯಿಸಿದ ಮೇಲೆ ಜನಸಂಖ್ಯೆ ಹತ್ತಕ್ಕಿಂತ ಇಳಿದರೂ ಹೊಣೆ ತಪ್ಪದು. ಐದು ವರ್ಷ ಎಡೆಬಿಡದೆ ಸೇವೆ ಸಲ್ಲಿಸಿದವನು ನಿವೃತ್ತನಾದರೂ ಸರಿ, ತಾನಾಗಿ ರಾಜೀನಾಮೆ ಕೊಟ್ಟರೂ ಸರಿ, ಗ್ರಾಚ್ಯುಯಿಟಿಗೆ ಹಕ್ಕುದಾರ. 'ನೀನಾಗಿ ಬಿಟ್ಟುಹೋದೆ, ಆದ್ದರಿಂದ ಇಲ್ಲ' ಎನ್ನುವಂತಿಲ್ಲ. ಮರಣ ಹೊಂದಿದರೆ, ಇಲ್ಲವೆ ಅಪಘಾತದಿಂದಲೋ ರೋಗದಿಂದಲೋ ಅಂಗವಿಕಲನಾದರೆ, ಐದು ವರ್ಷದ ನಿಬಂಧನೆಯೂ ಇಲ್ಲ. ಗೊತ್ತುಪಡಿಸಿದ ಅವಧಿಗೆ ಎಂದು ಕರಾರು ಮಾಡಿಕೊಂಡು ನೇಮಕವಾದವನಿಗೆ ಒಂದು ವರ್ಷದ ಸೇವೆಯಾಗಿದ್ದರೂ ದುಡಿದಷ್ಟು ಕಾಲಕ್ಕೆ ತಕ್ಕ ಪ್ರಮಾಣದಲ್ಲಿ ಸಲ್ಲಬೇಕು. ಇದು ಹೊಸ ಸಂಹಿತೆಗಳು ತಂದ ಮುಖ್ಯ ಬದಲಾವಣೆ. ಐದು ವರ್ಷ ತುಂಬದಂತೆ ಕರಾರನ್ನು ಮುಗಿಸಿ ಮುಗಿಸಿ ಹೊಸದಾಗಿ ಬರೆಯಿಸುವ ಜಾಣತನಕ್ಕೆ ಇದರಿಂದ ಬೆಲೆ ಕಡಮೆಯಾಗಿದೆ.

ಇನ್ನು ಲೆಕ್ಕ. ನಮ್ಮ ಗಣಿತದ ಮೇಷ್ಟರ ಲೆಕ್ಕವನ್ನೇ ಮಾಡೋಣ. ಅವರ ಕೊನೆಯ ತಿಂಗಳ ವೇತನ 7,800 ರೂಪಾಯಿ. ತಿಂಗಳಿಗೆ ಮೂವತ್ತು ದಿನವಾದರೂ, ವಾರದ ರಜೆಗಳನ್ನು ಕಳೆದು, ದುಡಿಯುವ ದಿನ 26 ಎಂದು ಕಾನೂನು ಎಣಿಸುತ್ತದೆ. 7,800ನ್ನು 26ರಿಂದ ಭಾಗಿಸಿದರೆ ದಿನದ ವೇತನ 300. ಒಂದೊಂದು ವರ್ಷದ ಸೇವೆಗೆ ಹದಿನೈದು ದಿನದ ವೇತನ, ಎಂದರೆ 4,500. ಇಪ್ಪತ್ತೆಂಟು ವರ್ಷಕ್ಕೆ 1,26,000 ರೂಪಾಯಿ. ಯಾರಾದರೂ ಮರೆತೋ ಬೇಕೆಂದೋ 26ರ ಬದಲು 30ರಿಂದ ಭಾಗಿಸಿದರೆ ಬರುವುದು 1,09,200. ವ್ಯತ್ಯಾಸ 16,800 ರೂಪಾಯಿ. ಆ ಕಾಲಕ್ಕೆ ಅದು ಅವರ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಆದ್ದರಿಂದ ಭಾಜಕವನ್ನು ನೆನಪಿಡಿ. ಸೇವೆಯ ಕೊನೆಯಲ್ಲಿ ಆರು ತಿಂಗಳಿಗೆ ಮೀರಿದ ಭಾಗವಿದ್ದರೆ ಅದನ್ನು ಪೂರ್ಣ ವರ್ಷವೆಂದು ಹಿಡಿಯಬೇಕು. ಹತ್ತೊಂಬತ್ತು ವರ್ಷ ಏಳು ತಿಂಗಳಾದರೆ ಇಪ್ಪತ್ತು. ಹತ್ತೊಂಬತ್ತು ವರ್ಷ ಐದು ತಿಂಗಳಾದರೆ ಹತ್ತೊಂಬತ್ತೇ. ಗರಿಷ್ಠ ಮಿತಿಯೊಂದುಂಟು, 2010ರಲ್ಲಿ 10 ಲಕ್ಷಕ್ಕೆ ಏರಿದ್ದ ಅದನ್ನು 2018ರಲ್ಲಿ 20 ಲಕ್ಷ ರೂಪಾಯಿಗೆ ಏರಿಸಲಾಯಿತು.

ವೇತನವೆಂದರೆ ಯಾವುದು ಎಂಬಲ್ಲಿಯೂ ಒಂದು ಸೂಕ್ಷ್ಮವಿದೆ. ಹಿಂದೆ ಮೂಲವೇತನವನ್ನೂ ತುಟ್ಟಿಭತ್ಯವನ್ನೂ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಕೆಲವರು ಮೂಲವೇತನವನ್ನು ಚಿಕ್ಕದಾಗಿ ಬರೆದು, ಉಳಿದದ್ದನ್ನೆಲ್ಲ ಬಗೆಬಗೆಯ ಭತ್ಯಗಳ ಹೆಸರಿನಲ್ಲಿ ಕೊಡುತ್ತಿದ್ದರು. ಕೈಗೆ ಬರುವುದು ಅಷ್ಟೇ ಆದ್ದರಿಂದ ನೌಕರ ಗಮನಿಸುತ್ತಿರಲಿಲ್ಲ. ಕೊನೆಯ ಲೆಕ್ಕದಲ್ಲಿ ಪೆಟ್ಟು ಬೀಳುತ್ತಿತ್ತು. ಹೊಸ ಸಂಹಿತೆಯಲ್ಲಿ, ಬಿಟ್ಟುಬಿಡಬಹುದಾದ ಭತ್ಯಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕೆಂದಿದೆ. ಒಟ್ಟು 20,000 ರೂಪಾಯಿಯಲ್ಲಿ ಮೂಲವೇತನ 6,000, ಭತ್ಯ 14,000 ಎಂದಿರಲಿ. ಅರ್ಧಕ್ಕೆ ಮೀರಿದ 4,000 ವೇತನಕ್ಕೆ ಸೇರಿ ಅದು 10,000 ಆಗುತ್ತದೆ. ಹತ್ತು ವರ್ಷದ ಸೇವೆಗೆ ಹಿಂದಿನ ರೀತಿಯಲ್ಲಿ ಸುಮಾರು 34,600 ರೂಪಾಯಿ. ಈಗಿನ ರೀತಿಯಲ್ಲಿ ಸುಮಾರು 57,700.

ಹಕ್ಕಿನ ಮಾತಾಯಿತು. ಹಕ್ಕನ್ನು ಹೇಳಿ ಕರ್ತವ್ಯವನ್ನು ಬಿಟ್ಟರೆ ಒಂದೇ ಎತ್ತಿನ ಗಾಡಿಯಾದೀತು.

ನೌಕರನ ಮೊದಲ ಕರ್ತವ್ಯ ಕಾಗದಪತ್ರಗಳ ವಿಷಯದಲ್ಲಿ ಎಚ್ಚರವಾಗಿರುವುದು. ಎಷ್ಟೋ ಮಂದಿ ಮದುವೆಯ ಲಗ್ನಪತ್ರಿಕೆಯನ್ನು ಮೂವತ್ತು ವರ್ಷ ಜೋಪಾನ ಮಾಡುತ್ತಾರೆ. ನೇಮಕದ ಪತ್ರವನ್ನು ಎಲ್ಲಿಟ್ಟೆವೆಂದು ಕೇಳಿದರೆ ತಿಳಿಯದು. ಸೇವೆ ಎಂದು ಆರಂಭವಾಯಿತು ಎಂಬುದಕ್ಕೆ ಆ ಕಾಗದವೇ ಸಾಕ್ಷಿ. ಹೊಸ ಸಂಹಿತೆಗಳಲ್ಲಿ ಒಂದು, ನೇಮಕದ ಪತ್ರ ಕೊಡುವುದು ಮಾಲೀಕನ ಕರ್ತವ್ಯವೆಂದೇ ವಿಧಿಸಿದೆ. ಕೊಡದಿದ್ದರೆ ಕೇಳಿ ಪಡೆಯಿರಿ. ಕೇಳಿದರೆ ಅವಿನಯವೆಂದು ಭಾವಿಸಬೇಡಿ.

ಎರಡನೆಯದು ನಾಮನಿರ್ದೇಶನ. ಒಂದು ವರ್ಷದ ಸೇವೆ ಮುಗಿಸಿದವನು, ತಾನು ತೀರಿಕೊಂಡರೆ ಈ ಹಣ ಯಾರಿಗೆ ಸಲ್ಲಬೇಕೆಂದು ಬರೆದುಕೊಡಬೇಕು. ಸಂಸಾರವಿರುವವನು ಸಂಸಾರದವರ ಹೆಸರನ್ನೇ ಬರೆಯಬೇಕು. ಮದುವೆಗೆ ಮುಂಚೆ ಬೇರೆಯವರ ಹೆಸರು ಬರೆದಿದ್ದರೆ ಮದುವೆಯಾದ ಮೇಲೆ ಅದು ನಡೆಯದು, ಹೊಸದಾಗಿ ಬರೆದುಕೊಡಬೇಕು. ಸಾವಿನ ಮಾತೇಕೆ ಎಂದು ಮುಂದೂಡುವವರು ತಮ್ಮ ಹೆಂಡತಿ ಮಕ್ಕಳನ್ನು ಕಚೇರಿಯಿಂದ ಕಚೇರಿಗೆ ಅಲೆಯಿಸುತ್ತಾರೆ.

ಮೂರನೆಯದು ನಡತೆ. ನೌಕರನ ತಪ್ಪಿನಿಂದ ಸಂಸ್ಥೆಯ ಸ್ವತ್ತಿಗೆ ನಷ್ಟವಾಗಿ, ಆ ಕಾರಣಕ್ಕೆ ಅವನನ್ನು ತೆಗೆದುಹಾಕಿದ್ದರೆ, ನಷ್ಟದಷ್ಟು ಮೊಬಲಗನ್ನು ಹಿಡಿಯಬಹುದು. ದೊಂಬಿ, ಹಿಂಸೆ ಮಾಡಿದವನ, ಅಥವಾ ಕೆಲಸದ ಸಂದರ್ಭದಲ್ಲಿ ನೀತಿಭ್ರಷ್ಟವಾದ ಅಪರಾಧವೆಸಗಿ ವಜಾ ಆದವನ ಗ್ರಾಚ್ಯುಯಿಟಿಯನ್ನು ಭಾಗಶಃ ಅಥವಾ ಪೂರ್ತಿ ನಿಲ್ಲಿಸಬಹುದು. ಇದಕ್ಕೆ ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಗಿರಲೇಬೇಕೆಂದಿಲ್ಲವೆಂದು ಸುಪ್ರೀಂ ಕೋರ್ಟು 2025ನೆಯ ಫೆಬ್ರವರಿಯಲ್ಲಿ ಹೇಳಿದೆ. 'ಉಂಡ ಮನೆಗೆ ಎರಡು ಬಗೆಯಬೇಡ' ಎಂಬ ನಮ್ಮ ಹಿರಿಯರ ಮಾತಿಗೆ ಕಾನೂನಿನಲ್ಲಿಯೂ ಆಧಾರವಿದೆಯೆಂದಾಯಿತು.

ಈಗ ಮಾಲೀಕರ ಕಡೆಗೆ ತಿರುಗೋಣ. ನೌಕರ ಅರ್ಜಿ ಕೊಟ್ಟಿರಲಿ ಕೊಡದಿರಲಿ, ಹಣ ಸಲ್ಲಬೇಕಾದ ದಿನ ಬಂದೊಡನೆ ಮೊಬಲಗನ್ನು ಲೆಕ್ಕ ಹಾಕಿ ಅವನಿಗೆ ತಿಳಿಸುವುದು ಮಾಲೀಕನ ಹೊಣೆ. ಮೂವತ್ತು ದಿನಗಳೊಳಗೆ ಪಾವತಿಯಾಗಬೇಕು. ತಡವಾದರೆ ಸರಳ ಬಡ್ಡಿ ಸೇರಬೇಕು. ಪ್ರಾವಿಡೆಂಟ್ ಫಂಡು ಕೊಟ್ಟಾಯಿತಲ್ಲ, ಇದು ಬೇರೆ ಏಕೆ ಎಂಬ ವಾದ ನಿಲ್ಲುವುದಿಲ್ಲ. ಪ್ರಾವಿಡೆಂಟ್ ಫಂಡಿನಲ್ಲಿ ನೌಕರನದೂ ಒಂದು ಪಾಲು ಇರುತ್ತದೆ. ಗ್ರಾಚ್ಯುಯಿಟಿ ಪೂರ್ತಿಯಾಗಿ ಮಾಲೀಕ ಕೊಡತಕ್ಕದ್ದು. ಎರಡೂ ಬೇರೆ ಬೇರೆ. ಎಷ್ಟು ಕೊಡಬೇಕು ಎಂಬಲ್ಲಿ ತಕರಾರಿದ್ದರೆ, ಅದನ್ನು ತೀರ್ಮಾನಿಸಲು ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರಿಯ ಮುಂದೆ ಹೋಗಬಹುದು.

ಮಾಲೀಕರ ಕಷ್ಟವನ್ನೂ ನಾನು ಬಲ್ಲೆ. ಹನ್ನೆರಡು ಮಂದಿಯನ್ನು ಇಟ್ಟುಕೊಂಡು ಛಾಪಖಾನೆಯನ್ನೋ ಬಟ್ಟೆಯ ಅಂಗಡಿಯನ್ನೋ ನಡೆಸುವವರಿಗೆ, ಒಬ್ಬ ಹಳೆಯ ಕೆಲಸಗಾರ ಬಿಟ್ಟುಹೋದಾಗ ಒಮ್ಮೆಗೇ ಲಕ್ಷ ರೂಪಾಯಿ ಎತ್ತಿಕೊಡುವುದು ಭಾರವೇ. ಆದರೆ ಈ ಭಾರ ಹಠಾತ್ತಾಗಿ ಬರುವುದಲ್ಲ. ನೌಕರ ಬಂದ ದಿನದಿಂದ, ವರ್ಷಕ್ಕೆ ಹದಿನೈದು ದಿನದ ವೇತನದಂತೆ, ಅದು ಬೆಳೆಯುತ್ತಲೇ ಇರುತ್ತದೆ. ಅದನ್ನು ವರ್ಷ ವರ್ಷವೂ ಪ್ರತ್ಯೇಕವಾಗಿ ತೆಗೆದಿಟ್ಟವನಿಗೆ ಕೊನೆಯ ದಿನ ಕಷ್ಟವಾಗದು. ತೆಗೆದಿಡದವನು ಆ ಹಣವನ್ನು ತನ್ನ ಲಾಭವೆಂದು ಎಣಿಸಿ ಖರ್ಚು ಮಾಡಿರುತ್ತಾನೆ. ಆಮೇಲೆ ತನ್ನ ಕೈಯಿಂದ ಕೊಡುವಂತೆ ಸಂಕಟಪಡುತ್ತಾನೆ. ಇದಕ್ಕೆ ವಿಮೆಯ ಮಾರ್ಗವೂ ಉಂಟು. ಕರ್ನಾಟಕ ಸರ್ಕಾರ 2024ನೆಯ ಜನವರಿಯಲ್ಲಿ ಗ್ರಾಚ್ಯುಯಿಟಿಗೆ ವಿಮೆ ಮಾಡಿಸುವುದನ್ನು ಕಡ್ಡಾಯ ಮಾಡಿ ನಿಯಮಗಳನ್ನು ಹೊರಡಿಸಿತು. ಹೊಸ ಸಂಹಿತೆಯಲ್ಲಿಯೂ ವಿಮೆಯ ಪ್ರಸ್ತಾಪವಿದೆ. ಇದರ ಉದ್ದೇಶ ಸ್ಪಷ್ಟ. ಅಂಗಡಿ ಮುಚ್ಚಿಹೋದರೂ, ಮಾಲೀಕ ದಿವಾಳಿಯಾದರೂ, ದುಡಿದವನ ಬಾಕಿ ಮುಳುಗಬಾರದು.

ಹತ್ತು ಮಂದಿಗಿಂತ ಕಡಮೆ ಇರುವ ಕಡೆ ಕಾನೂನಿನ ಈ ಕೈ ಸಾಮಾನ್ಯವಾಗಿ ಚಾಚುವುದಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಪಾತ್ರೆ ತಿಕ್ಕಿದ, ಮಕ್ಕಳನ್ನು ಎತ್ತಿ ಆಡಿಸಿದ ಹೆಂಗಸಿಗೆ ಈ ಸಂಹಿತೆಯಡಿ ಕೊನೆಯ ಲೆಕ್ಕವಿಲ್ಲ. ಆದರೆ ಲೆಕ್ಕ ಮಾಡುವ ಕ್ರಮವನ್ನು ಈಗ ನೀವು ಕೇಳಿದ್ದೀರಿ. ತಿಂಗಳಿಗೆ 2,600 ರೂಪಾಯಿ ಕೊಡುವ ಮನೆಯವರಿಗೆ ವರ್ಷಕ್ಕೆ 1,500 ರೂಪಾಯಿ ತೆಗೆದಿಡುವುದು ಅಸಾಧ್ಯವಲ್ಲ. ಹಬ್ಬಕ್ಕೆ ಕೊಡುವ ಸೀರೆ ದಾನ, ಇದು ಬಾಕಿ. ಒಂದನ್ನು ಕೊಟ್ಟು ಇನ್ನೊಂದು ತೀರಿತೆಂದು ತಿಳಿಯಬಾರದು.

ಮತ್ತೆ ನಮ್ಮ ಮೇಷ್ಟರ ವಿಷಯಕ್ಕೆ ಬರುತ್ತೇನೆ. ಅವರು 2015ರಲ್ಲಿ ತೀರಿಕೊಂಡರು. 2022ರ ತೀರ್ಪು ಬಂದಾಗ ಅವರ ಪತ್ನಿ ಮಗಳ ಮನೆಯಲ್ಲಿದ್ದರು. ಶಾಲೆಯವರು ಕೊಡಲು ಒಪ್ಪಿದರು. ಆದರೆ ಮೇಷ್ಟರು ಕಾನೂನಿನ ಕಣ್ಣಿಗೆ ನೌಕರರೇ ಆಗಿರಲಿಲ್ಲವಾದ್ದರಿಂದ ಯಾವ ನಾಮನಿರ್ದೇಶನ ಪತ್ರವನ್ನೂ ಬರೆದುಕೊಟ್ಟಿರಲಿಲ್ಲ. ವಾರಸುದಾರರ ಪತ್ರ, ಮರಣದ ದಾಖಲೆ, ಮಕ್ಕಳ ಒಪ್ಪಿಗೆ ಎಂದು ಮತ್ತೂ ಕೆಲವು ತಿಂಗಳು ಕಳೆದವು. 2023ರಲ್ಲಿ ಚೆಕ್ಕು ಸಿದ್ಧವಾಯಿತು. ಹಳೆಯ ಪರಿಚಯವೆಂದು ನಾನೂ ಜೊತೆಗೆ ಹೋಗಿದ್ದೆ.

ಗುಮಾಸ್ತೆ ರಶೀದಿಯನ್ನು ಮುಂದಿಟ್ಟು ರುಜು ಮಾಡಲು ಹೇಳಿದ. ಆಕೆ ಲೇಖನಿಯನ್ನು ಹಿಡಿದವರು ಹಾಗೆಯೇ ನಿಂತರು. ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು: "ಇದು ಶಾಲೆಯವರು ಧರ್ಮಕ್ಕೆ ಕೊಡುತ್ತಿರುವುದೋ, ಅವರ ಸಂಬಳವೋ?"

"ಅವರ ಸಂಬಳವೇ ಅಮ್ಮ. ನಿಂತುಹೋಗಿದ್ದ ಬಾಕಿ" ಎಂದೆ.

"ಹಾಗಾದರೆ ಸರಿ" ಎಂದು ಆಕೆ ರುಜು ಹಾಕಿದರು.

'ಆಳಾಗಿ ದುಡಿ, ಅರಸಾಗಿ ಉಣ್ಣು' ಎಂದು ಗಾದೆ ಹೇಳುತ್ತದೆ. ಅರಸಾಗಿ ಉಣ್ಣುವುದೆಂದರೆ ಪಂಚಭಕ್ಷ್ಯ ಉಣ್ಣುವುದಲ್ಲ. ಯಾರ ಹಂಗೂ ಇಲ್ಲದೆ ತನ್ನದನ್ನು ತಾನು ಉಣ್ಣುವುದು. ಕೊಡುವವರು ಇದು ತಮ್ಮ ಔದಾರ್ಯವಲ್ಲವೆಂದು ತಿಳಿದು ಹೊತ್ತಿಗೆ ಸರಿಯಾಗಿ ಕೊಡಲಿ. ಪಡೆಯುವವರು ಇದು ಭಿಕ್ಷೆಯಲ್ಲವೆಂದು ತಿಳಿದು, ದುಡಿಮೆಯಲ್ಲಿ ವಂಚನೆ ಮಾಡದೆ, ತಲೆಯೆತ್ತಿ ಕೇಳಿ ಪಡೆಯಲಿ. ನಾಳೆ ಬೆಳಗ್ಗೆ ಒಂದು ಸಣ್ಣ ಕೆಲಸ ಮಾಡಿ. ನೌಕರರಾದವರು ತಮ್ಮ ನೇಮಕದ ಪತ್ರವನ್ನು ಹುಡುಕಿ ತೆಗೆದು, ನಾಮನಿರ್ದೇಶನ ಬರೆದುಕೊಟ್ಟಿದ್ದೇವೆಯೆ ಎಂದು ವಿಚಾರಿಸಲಿ. ಮಾಲೀಕರಾದವರು ತಮ್ಮಲ್ಲಿ ಎಲ್ಲರಿಗಿಂತ ಹಳಬನಾದ ಕೆಲಸಗಾರನ ಹೆಸರಿನ ಮುಂದೆ ಇಂದಿಗೆ ಎಷ್ಟು ಬಾಕಿಯಾಗಿದೆಯೆಂದು ಒಮ್ಮೆ ಲೆಕ್ಕ ಹಾಕಲಿ. ಭಾಗಿಸುವಾಗ 26ರಿಂದ ಭಾಗಿಸಲಿ.